ಕೊಟ್ಟಿಗೆಯ ಪೂಲು, ನನ್ನ ಗುರಿ

ಗಂಡು ಕುಡಿಯಬಾರದು, ಇಸ್ಪೀಟಾಡಬಾರದು, ಬಾಯಲ್ಲಿ ಗುಟ್ಕಾ ಇರಬಾರದು ಎಂದು ನಮ್ಮಮ್ಮ ಮಾಯಸಂದ್ರದಿಂದಲೇ ನಾಲ್ಕು ಕಡೆ ವಿಚಾರಿಸಿ, ಬಿಳಿಗೆರೆಯ ತೆಂಗಿನ ತೋಟದ ನಡುವಿನ ಈ ಮನೆಗೆ ನನ್ನನ್ನು ಕೊಟ್ಟಳು. ಹುಡುಗ ಪೂಲ್ ಆಡುತ್ತಾನೆಯೇ ಎಂದು ವಿಚಾರಿಸಬೇಕೆಂಬುದು ಪಾಪ, ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಪ್ರಯೋಜನವಿರಲಿಲ್ಲ. ಮದುವೆಗೆ ಮುಂಚೆ ನಮ್ಮವರು ಆಡುತ್ತಿರಲಿಲ್ಲ. ಮದುವೆಯಾದ ಮೇಲೆ ಆಡುತ್ತಿದ್ದಾರೆಂದು ಹೇಳಿದರೆ ಆ ಆಟಕ್ಕೆ ಅವಮಾನ.

ನಮ್ಮವರ ಹೆಸರು ಉಜ್ವಲ್. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ. ಅಟ್ಟದ ಮೇಲಿನ ಕಾಯೊಂದನ್ನು ತೆಗೆದು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಒಣಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. (ಹೆಂಡತಿ ಒಳಗೊಳಗೇ ಒಣಗುತ್ತಿರುವುದು ಮಾತ್ರ ಯಾವ ಸದ್ದಿನಿಂದಲೂ ಅವರಿಗೆ ತಿಳಿಯದು.)

ನಮ್ಮ ಮನೆಯ ಹಿಂದೆ ಒಂದು ಕೊಟ್ಟಿಗೆ. ಗೌರಿ ಎಂಬ ಹಸು ಮುದಿಯಾಗಿ ತೀರಿಕೊಂಡ ಮೇಲೆ ಅತ್ತೆ ಇನ್ನೊಂದನ್ನು ಕಟ್ಟಲು ಒಪ್ಪಲಿಲ್ಲ. ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದು ನನಗೆ ಎಂದು ಮದುವೆಯ ಮಾತುಕತೆಯಲ್ಲೇ ತೀರ್ಮಾನವಾಗಿತ್ತು. ನಾನು ತಿಪಟೂರಿನ ಕಾಲೇಜಿನಲ್ಲಿ ಗಣಿತ ಓದಿದವಳು. ಸಂಜೆ ಊರಿನ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ ಎಂದಿದ್ದೆ, ಎಲ್ಲರೂ ತಲೆಯಾಡಿಸಿದ್ದರು. ಬೇರೆ ಹೆಣ್ಣುಮಕ್ಕಳು ತವರಿನಿಂದ ಬೀರು ತಂದರೆ ನಾನು ಕರಿಹಲಗೆ ತಂದೆ. ಬೆಳಗಿನ ಹೊತ್ತು ಕೊಟ್ಟಿಗೆಯ ಹೆಂಚಿನ ಸಂದಿಗಳಿಂದ ಬಿಸಿಲು ಇಳಿದು ನೆಲದ ಮೇಲೆ ಚುಕ್ಕಿ ಇಡುತ್ತಿತ್ತು. ಆ ಚುಕ್ಕಿಗಳ ನಡುವೆ ಮಕ್ಕಳು ಸಾಲಾಗಿ ಕೂತಂತೆ, ಹದಿನೇಳರ ಮಗ್ಗಿ ತಪ್ಪಿದಂತೆ, ನಾನು ಸಿಟ್ಟಾಗದೆ ತಿದ್ದಿದಂತೆ ನನಗೆ ಹಗಲುಗನಸು.

ದೀಪಾವಳಿಯ ಹಿಂದಿನ ವಾರ ಅಂಗಳಕ್ಕೆ ಒಂದು ಟೆಂಪೋ ಬಂತು. ಅದರೊಳಗೆ ಕಾಲು ಮೇಲಾಗಿ ಮಲಗಿದ್ದ ಒಂದು ದೈತ್ಯ ಮೇಜು, ಪಕ್ಕದಲ್ಲಿ ನಮ್ಮವರ ಗೆಳೆಯ ಮಹಾಂತೇಶ, ಇಬ್ಬರ ಮುಖದ ಮೇಲೂ ಹೆಣ್ಣು ನೋಡಿ ಒಪ್ಪಿಬಂದವರ ಕಳೆ.

"ಏನ್ರೀ ಇದು?"

"ಪೂಲ್ ಟೇಬಲ್ ಕಣೇ. ತುಮಕೂರಲ್ಲಿ ಒಂದು ಕ್ಲಬ್ಬು ಮುಚ್ತಂತೆ, ಮಹಾಂತೇಶ ಕೊಡ್ಸಿದ. ಕಲ್ಲಿನ ಹಾಸಲ್ಲ, ಹಲಗೇದು, ಅದಕ್ಕೇ ಅಗ್ಗ."

"ಎಲ್ಲಿಡ್ತೀರಿ?"

ನಮ್ಮವರು ಆಕಾಶ ನೋಡಿದರು, ತೋಟ ನೋಡಿದರು, ಮಹಾಂತೇಶನನ್ನು ನೋಡಿದರು. ನನ್ನನ್ನೊಂದು ಬಿಟ್ಟು ಎಲ್ಲವನ್ನೂ ನೋಡಿ, "ಕೊಟ್ಟಿಗೇಲಿ... ಸದ್ಯಕ್ಕೆ" ಅಂದರು.

'ಸದ್ಯಕ್ಕೆ' ಎಂಬುದು ಗಂಡಸರ ನಿಘಂಟಿನಲ್ಲಿ 'ಶಾಶ್ವತ'ದ ಪರ್ಯಾಯಪದ. ಒಂದೇ ವಾರದಲ್ಲಿ ಕೊಟ್ಟಿಗೆಯ ಚಪ್ಪಡಿ ನೆಲದ ಮೇಲೆ ನೀಲಿ ಮ್ಯಾಟು ಬಂತು, ಮೇಜಿನ ಮೇಲೆ ಉದ್ದನೆಯ ದೀಪ ಇಳಿಬಿತ್ತು. ನನ್ನ ಕರಿಹಲಗೆ? ಅದೂ ಕೊಟ್ಟಿಗೆಗೇ ಬಂತು. ಅದರ ಮೇಲೆ 'ಉಜ್ವಲ್' ಎಂದು ಒಂದು ಕಡೆ, 'ಮಹಾಂತೇಶ್' ಎಂದು ಇನ್ನೊಂದು ಕಡೆ ಬರೆದು ನಡುವೆ ಗೆರೆ ಎಳೆದಿದ್ದರು. ಮಹಾಂತೇಶನ ಕಡೆ ಗೀಟುಗಳ ಬೇಲಿಯೇ ಎದ್ದಿತು. ನಮ್ಮವರ ಕಡೆ ಹಲಗೆ ಹೊಸದರಂತೆಯೇ ಉಳಿಯಿತು.

ಸುದ್ದಿ ಊರಲ್ಲಿ ಹರಡಿತು. ಪಕ್ಕದ ಮನೆಯ ರಾಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೇ ಬಂದಳು.

"ಏನವ್ವ ಇಂಪನಾ, ಪೂಲ್ ಮಾಡ್ಸವ್ರಂತೆ ನಿನ್ ಗಂಡ? ನಮ್ ಬೋರಲ್ಲಿ ಕುಡಿಯಾಕೇ ನೀರಿಲ್ಲ, ನಿಮಗೆ ಈಜಾಕೆ ಸಿಕ್ತಾ?"

ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಮೇಜನ್ನು ಸುತ್ತಿ ನೋಡಿ, ಹಸಿರು ಬಟ್ಟೆ ಸವರಿ ನೋಡಿ, "ಮಂಚ ಚೆನ್ನಾಗೈತೆ ಕಣವ್ವ. ಆದ್ರೆ ಮಲಗ್ದಾಗ ಈ ತೂತೊಳಕ್ಕೆ ಕಾಲು ಹೋಗಕಿಲ್ವಾ?" ಎಂದು ಕೇಳಿದಳು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಸಿರು ಬಟ್ಟೆಯ ಮೇಜು, ಸುತ್ತ ಗಿಡ್ಡ ಗೋಡೆ, ಗೋಡೆಯಲ್ಲಿ ಆರು ತೂತು, ಅವೇ ಪಾಕೆಟ್ಟುಗಳು. ಒಬ್ಬರ ಪಾಲಿಗೆ ಪೂರ್ತಿ ಬಣ್ಣದ ಚೆಂಡುಗಳು, ಇನ್ನೊಬ್ಬರ ಪಾಲಿಗೆ ಪಟ್ಟೆಯವು. ತನ್ನವನ್ನೆಲ್ಲ ಪಾಕೆಟ್ಟಿಗೆ ಹಾಕಿ, ಕಡೆಗೆ ಕರಿಯ ಚೆಂಡನ್ನು ಹಾಕಿದವರು ಗೆದ್ದಂತೆ. ಆದರೆ ಯಾವುದನ್ನೂ ನೇರವಾಗಿ ಹೊಡೆಯುವಂತಿಲ್ಲ. ಕೋಲಿನಿಂದ ಬಿಳಿ ಚೆಂಡಿಗೆ ಹೊಡೆಯಬೇಕು, ಅದು ಹೋಗಿ ಬೇಕಾದದ್ದಕ್ಕೆ ತಾಗಬೇಕು. ಅಂದರೆ ಹೊಡೆಯಬೇಕಾದವರಿಗೆ ಇನ್ನೊಬ್ಬರ ಕೈಯಲ್ಲಿ ಹೊಡೆಸಬೇಕು. (ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬೇರೆ ಕಲಿಸಬೇಕಾಗಿಲ್ಲ.)

ಇನ್ನು ನಮ್ಮವರ ಸಾಧನೆಯ ವರ್ಣನೆ. ಮಂಡಿಯಿಂದ ಬಂದು, ಕಾಫಿ ಕುಡಿದು, ಮೊಬೈಲನ್ನು ಗೂಡಿನಲ್ಲಿ ಒರಗಿಸಿ ಯಾವನೋ ಪರದೇಶದವನ ಪಾಠ ನೋಡುವರು. ಆಮೇಲೆ ಕೋಲಿನ ತುದಿಗೆ ನೀಲಿ ಸೀಮೆಸುಣ್ಣ ಉಜ್ಜುವರು. ನಾನು ಪಾತ್ರೆ ಉಜ್ಜಿದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜುವರು. ಬಿಲ್ಲಿನ ಹಾಗೆ ಬಾಗಿ, ಗಲ್ಲವನ್ನು ಕೋಲಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಅದು ತಪ್ಪೆಂದು ನೆನಪಾಗಿ ತೆರೆದು, ಮೊಣಕೈಯನ್ನು ಲೋಲಕದಂತೆ ತೂಗಿ ತೂಗಿ, ಕಡೆಗೊಮ್ಮೆ ಮೆತ್ತಗೆ ಹೊಡೆಯುವರು. ಮೆತ್ತಗೆ ಹೊಡೆಯಬೇಕೆಂದು ಪರದೇಶದವನ ಆಜ್ಞೆ. ಚೆಂಡು ಗಂಭೀರವಾಗಿ ಪಾಕೆಟ್ಟಿನ ಕಡೆ ಹೊರಟು, ಹತ್ತಿರವಾದ ಮೇಲೆ ಏನೋ ಮರೆತು ಬಂದವರಂತೆ ಪಕ್ಕಕ್ಕೆ ತಿರುಗಿ ಗೋಡೆಗೆ ತಾಗಿ ನಿಲ್ಲುವುದು.

ಪ್ರತಿ ಸಲ ಅದೇ ಕಡೆಗೆ ತಪ್ಪುತ್ತಿತ್ತು. ಪ್ರತಿ ಸಲ ಕಾರಣ ಮಾತ್ರ ಬೇರೆ. ಒಂದು ದಿನ ಗಾಳಿ, ಒಂದು ದಿನ ದೀಪದ ನೆರಳು. ಒಂದು ದಿನ ನಾನು ಬಾಗಿಲಲ್ಲಿ ನಿಂತು ಉಸಿರಾಡಿದ್ದು.

"ನೋಡೇ, ಗುರಿ ಅನ್ನೋದು ಕಣ್ಣಲ್ಲಿರಲ್ಲ, ಮನಸಲ್ಲಿರುತ್ತೆ" ಎಂದು ಒಂದು ಸಂಜೆ ನನಗೆ ಉಪದೇಶ ಶುರುವಾಯಿತು. "ಬಣ್ಣದ ಚೆಂಡಿನ ಬೆನ್ನಿಗೆ ಅಂಟ್ಕೊಂಡು ಒಂದು ದೆವ್ವದ ಚೆಂಡಿದೆ ಅಂದ್ಕೋಬೇಕು. ನಿಜವಾಗಿ ಇರಲ್ಲ. ನಮ್ಮ ಬಿಳೀ ಚೆಂಡು ಹೋಗಿ ಆ ದೆವ್ವ ಇರೋ ಜಾಗದಲ್ಲೇ ಕೂರಬೇಕು."

ಇದು ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತೆಗೆ ಕೇಳಿಸಿತು. "ಕೊಟ್ಟಿಗೇಲಿ ದೆವ್ವಾನಾ? ನಮ್ ಗೌರಿ ಅಂಥದ್ದಲ್ಲ ಕಣಪ್ಪ" ಎಂದು ಎದ್ದು ಹೋಗಿ, ದೇವರ ಕೋಣೆಯಿಂದ ವಿಭೂತಿ ಗಟ್ಟಿ ತಂದು ಹೊಸಲಿಗೆ, ಮೇಜಿನ ಆರೂ ಪಾಕೆಟ್ಟಿಗೆ ಮೂರು ಮೂರು ಪಟ್ಟೆ ಎಳೆದು, ಉಳಿದ ಗಟ್ಟಿಯನ್ನು ಅಲ್ಲೇ ಗೂಡಿನಲ್ಲಿಟ್ಟರು. ಮಾರನೆಯ ಸಂಜೆ ನಮ್ಮವರು ಪಾಠ ನೋಡುತ್ತಾ ಮೈಮರೆತು ಅದನ್ನೇ ಕೋಲಿಗೆ ಉಜ್ಜಿಕೊಂಡು ಆಡಿದರು. ಚೆಂಡು ಎಂದಿನ ಕಡೆಗೇ ತಪ್ಪಿತು. ಶಿವನೂ ಈ ವಿಷಯದಲ್ಲಿ ತಲೆಹಾಕಲಿಲ್ಲವೆಂದು ಆಗಲೇ ತಿಳಿದುಕೊಂಡೆ.

ಅತ್ತೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಗಿರಿಜಾಂಬಿಕಾ ಎಂದು ಹೆಸರು. ಬಂಗಾರದಂಥ ಹೆಂಗಸು. ಒಂದೇ ಗುಣ: ಸೊಟ್ಟಗಿರುವುದನ್ನು ಕಂಡರೆ ನೆಟ್ಟಗೆ ಮಾಡದೆ ಬಿಡುವವರಲ್ಲ, ಮಾಡಿದ್ದನ್ನು ಹೇಳುವವರೂ ಅಲ್ಲ. ಗೋಡೆಯ ಕ್ಯಾಲೆಂಡರು ವಾಲಿದ್ದರೆ ಬೀಗರ ಮನೆಯಾದರೂ ಸರಿ, ಎದ್ದು ಹೋಗಿ ಸರಿಮಾಡಿ ಬಂದು ಕೂರುವರು. ನಮ್ಮವರು ಪೂಲ್‌ಗೆಂದೇ ಒಂದು ಕೈಗವಸು ತರಿಸಿದರು. ಮೂರು ಬೆರಳಿಗೆ ಮಾತ್ರ ಬಟ್ಟೆ, ಉಳಿದೆರಡು ಬಯಲು. ಅದಿರುವುದೇ ಹಾಗೆ. ಅತ್ತೆ ಅದನ್ನು ಕಂಡು, ಅಂಗಡಿಯವನು ಮಗನಿಗೆ ಮೋಸ ಮಾಡಿದ್ದಾನೆಂದು ಮರುಗಿ, ತಮ್ಮ ಹಳೆಯ ರವಿಕೆಯ ಜರಿ ಅಂಚು ಕತ್ತರಿಸಿ, ಉಳಿದೆರಡು ಬೆರಳನ್ನೂ ಹೊಲಿದಿಟ್ಟರು. ನಮ್ಮವರು ಹಾಕಿಕೊಂಡು ನಿಂತರೆ ಅರ್ಧ ಡಾಕ್ಟರು, ಅರ್ಧ ಮದುವಣಗಿತ್ತಿ.

"ಅಮ್ಮಾ, ಯಾರು ಹೇಳಿದ್ರು ನಿಂಗೆ?"

"ಯಾರು ಹೇಳ್ಬೇಕು? ತಾಯಿ ಕಣ್ಣಿಗೆ ಕಾಣಕಿಲ್ವೇನಪ್ಪ?"

ಓದುಗರು ಈ ಕೈಗವಸನ್ನು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ, ಅದರ ಫಲವನ್ನೇ ಈಗ ಅನುಭವಿಸುತ್ತಿದ್ದೇನೆ.

ಸಂಕ್ರಾಂತಿಗೆ ಮನೆ ಗುಡಿಸುವಾಗ ನನಗೆ ಜ್ಞಾನೋದಯವಾಯಿತು. ಮ್ಯಾಟಿನ ಮೇಲೆ ಬಿದ್ದಿದ್ದ ಬಿಳಿ ಚೆಂಡನ್ನೆತ್ತಿ ಮೇಜಿನ ನಟ್ಟನಡುವೆ ಇಟ್ಟು, ಪೊರಕೆ ಹಿಡಿದು ತಿರುಗಿದೆ. ತಿರುಗಿ ನೋಡಿದರೆ ಚೆಂಡು ಅಲ್ಲಿಲ್ಲ. ಯಾರೂ ಕರೆಯದೆ, ಯಾರೂ ತಳ್ಳದೆ, ಮುಸ್ಸಂಜೆ ಮನೆಗೆ ಬರುವ ದನದಂತೆ ತನ್ನಷ್ಟಕ್ಕೆ ನಡೆದು ಹಿತ್ತಲ ಕಡೆಯ ಮೂಲೆ ಸೇರಿತ್ತು. ಇನ್ನೊಮ್ಮೆ ಇಟ್ಟೆ. ಇನ್ನೊಮ್ಮೆ ಹೋಯಿತು.

ಮ್ಯಾಟು ಎತ್ತಿ ನೋಡಿದೆ. ಅದೇ ಹಳೆಯ ಚಪ್ಪಡಿಗಳು, ಅದೇ ಮೂಲೆಯಲ್ಲಿ ಹಿತ್ತಲಿಗೆ ಹೋಗುವ ಚರಂಡಿಯ ಬಾಯಿ. ಕೊಟ್ಟಿಗೆಯ ನೆಲವನ್ನು ಯಾರಾದರೂ ಮಟ್ಟವಾಗಿ ಹಾಕುತ್ತಾರೆಯೇ? ಹಸುವಿನ ಗಂಜಳ ನಿಲ್ಲದೆ ಹರಿದುಹೋಗಲೆಂದು ಮಾವನ ಅಪ್ಪ ಕಟ್ಟಿಸುವಾಗಲೇ ಆ ಮೂಲೆಗೆ ವಾಟ ಕೊಡಿಸಿದ್ದರು. ಗೌರಿ ಹೋದರೂ ಇಳಿಜಾರು ಹೋಗಿರಲಿಲ್ಲ. ನಮ್ಮವರ ಗಾಳಿ, ನೆರಳು, ನನ್ನ ಉಸಿರು ಯಾವುದೂ ಅಲ್ಲ. ಇಷ್ಟು ದಿನ ಅವರ ಗುರಿಯೆಲ್ಲ ಗಂಜಳದ ದಾರಿ ಹಿಡಿದು ಹೋಗುತ್ತಿತ್ತು. ಮಹಾಂತೇಶನಿಗೆ ಮಾತ್ರ ಇದು ತಟ್ಟಿರಲಿಲ್ಲ. ಅವನದು ಕಲ್ಲು ಬೀಸಿದಂಥ ಹೊಡೆತ. ಅವನ ಚೆಂಡಿಗೆ ತಿರುಗಲು ಪುರುಸೊತ್ತೇ ಇರುತ್ತಿರಲಿಲ್ಲ.

ಹೇಳಬಹುದಿತ್ತು. ಸಂಜೆ ಅವರು ಬಂದಾಗ ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅವರು ನನ್ನ ಕರಿಹಲಗೆಯನ್ನು ಮೊಣಕೈಯಿಂದ ಒರೆಸುತ್ತಾ, "ಇದು ಸಾಲಲ್ಲ ಕಣೇ, ನಿಮ್ಮಪ್ಪನಿಗೆ ಹೇಳಿ ಇನ್ನೊಂದ್ ಸ್ವಲ್ಪ ದೊಡ್ಡದು ತರಿಸಬಹುದಿತ್ತು" ಅಂದರು. ಬಂದ ಮಾತನ್ನು ನುಂಗಿಕೊಂಡೆ. ಸಿಹಿಯಾಗಿತ್ತು.

ಜಗಳ ಶಿವರಾತ್ರಿ ಕಳೆದ ಮೇಲೆ ಊಟದ ಹೊತ್ತಿನಲ್ಲಿ ಆಯಿತು. ಪರೀಕ್ಷೆ ಹತ್ತಿರ ಬಂತು, ಊರಿನ ಮಕ್ಕಳ ತಾಯಂದಿರು ಕೇಳುತ್ತಿದ್ದಾರೆ, ಕೊಟ್ಟಿಗೆ ಯಾವಾಗ ಬಿಡುತ್ತೀರಿ ಅಂದೆ.

"ಬಿಡೋಣ ಬುಡೇ. ಈಗ ತಾನೆ ಕೈ ಕೂಡ್ತಾ ಇದೆ."

"ನಾಲ್ಕು ತಿಂಗಳಾಯ್ತು, ಕೂಡ್ತಾನೇ ಇದೆ. ನಿಮ್ಮ ಕೈ ಕೂಡೋ ಹೊತ್ತಿಗೆ ಆ ಮಕ್ಕಳಿಗೆ ಮದುವೆ ಆಗಿರುತ್ತೆ."

"ನೀನು ಗಣಿತ ಓದಿರಬಹುದು, ಕೋನ ಗೊತ್ತಿರಬಹುದು. ಕೋಲು ಹಿಡಿಯೋದೇ ಬೇರೆ ಕಣೇ."

"ಹಿಡಿದು ತೋರಿಸ್ಲಾ? ನಿಮ್ಮನ್ನ ಸೋಲಿಸಿದ್ರೆ?"

ನಮ್ಮವರು ನಕ್ಕರು. ನಕ್ಕ ರಭಸಕ್ಕೆ ಮಜ್ಜಿಗೆ ಮೂಗಿಗೆ ಹತ್ತಿತು. "ಸೋಲಿಸಿದ್ರೆ ಅವತ್ತೇ ಟೇಬಲ್ ಎತ್ತಿಸ್ತೀನಿ. ಕೊಟ್ಟಿಗೆ ನಿಂದು. ಸೋತ್ರೆ?"

"ಸೋತ್ರೆ ವರ್ಷಪೂರ್ತಿ ಕೊಟ್ಟಿಗೆ ಮಾತೆತ್ತಲ್ಲ."

"ಅಷ್ಟೇ ಸಾಲಲ್ಲ. ದಿನಾ ಸಂಜೆ ನನ್ನ ಹತ್ರ ಶಿಷ್ಯೆಯಾಗಿ ಪೂಲ್ ಕಲೀಬೇಕು. ಗುರುಗಳೇ ಅನ್ನಬೇಕು."

ಮಾವ ಸದಾಶಿವಯ್ಯನವರದು ಮಾತು ಕಡಿಮೆ, ಆಡಿದರೆ ತೀರ್ಪೇ. ಬಾಳೆಲೆ ಮಡಿಸುತ್ತಾ ಅಂದರು: "ವರ್ಷತೊಡಕಿನ ದಿನ ಆಡ್ಕಳಿ. ಅವತ್ತು ಗೆದ್ದೋರು ವರ್ಷೆಲ್ಲಾ ಗೆಲ್ತಾರೆ, ಸೋತೋರು ವರ್ಷೆಲ್ಲಾ ಸೋಲ್ತಾರೆ. ಆಮೇಲೆ ನನ್ ಕಿವಿಗೆ ಈ ಪೂಲು ಬೀಳಬಾರದು."

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಅಂದು ನಗುವವರು ವರ್ಷವಿಡೀ ನಗುತ್ತಾರೆ, ಅಳುವವರು ವರ್ಷವಿಡೀ ಅಳುತ್ತಾರೆ ಎಂದು ನಮ್ಮ ಕಡೆಯ ನಂಬಿಕೆ. ಮಕ್ಕಳಿಗೆ ಅಂದು ಏಟೂ ಬೀಳುವುದಿಲ್ಲ. ಪಣ ದೊಡ್ಡದೇ. ಆದರೆ ನನ್ನ ಹಿಂದೆ ಮಾವನ ಅಪ್ಪ ಕೊಡಿಸಿದ ವಾಟವಿತ್ತು. ಒಪ್ಪಿದೆ.

ಅಂದಿನಿಂದ ಹಗಲು ಹೊತ್ತು, ನಮ್ಮವರು ಮಂಡಿಗೆ ಹೋದ ಮೇಲೆ, ನನ್ನ ಅಭ್ಯಾಸ. ನಮ್ಮವರಂತೆ ಬಂದದ್ದನ್ನೇ ಬಂದ ಹಾಗೆ ಹೊಡೆಯುವುದಲ್ಲ. ಬಾರದ ಹೊಡೆತವೊಂದನ್ನು ಆರಿಸಿಕೊಂಡು, ಬರುವವರೆಗೂ ಅದನ್ನೇ. ಚೆಂಡು ಪ್ರತಿ ಸಲ ಅದೇ ಜಾಗದಲ್ಲಿ ಕೂರಬೇಕಲ್ಲ? ಹಸಿರು ಬಟ್ಟೆಯ ಮೇಲೆ ರಂಗೋಲಿ ಪುಡಿಯಿಂದ ಚುಕ್ಕಿ ಇಟ್ಟೆ. ಬಿಳಿಯದಕ್ಕೊಂದು ಚುಕ್ಕಿ, ಬಣ್ಣದ್ದಕ್ಕೊಂದು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುವುದು ಹೆಣ್ಣುಮಕ್ಕಳಿಗೆ ಹೊಸದೇ? ಒಂದೇ ವ್ಯತ್ಯಾಸ: ಇಲ್ಲಿ ಗೆರೆಗೆ ಬಳುಕು ಕೊಡಬೇಕಿತ್ತು. ಕಿಟಕಿಯ ಕಡೆಯ ಪಾಕೆಟ್ಟಿಗೆ ಬೀಳಬೇಕಾದರೆ ಅದಕ್ಕಿಂತ ನಾಲ್ಕು ಬೆರಳು ಆಚೆಗೆ, ಬರೀ ಗೋಡೆಗೆ ಗುರಿಯಿಡಬೇಕು. ಮೆತ್ತಗೆ ಬಿಟ್ಟರೆ ಚೆಂಡು ಗೋಡೆಯ ಕಡೆಗೆ ಹೋದಂತೆ ಮಾಡಿ, ನಾಚಿಕೊಂಡು ಹೊರಳಿ, ಪಾಕೆಟ್ಟಿನ ಬಾಯಿಗೆ ಬೀಳುತ್ತಿತ್ತು. ಪಾಕೆಟ್ಟಿಗೆ ಗುರಿಯಿಟ್ಟರೆ ಗೋಡೆಗೆ, ಗೋಡೆಗೆ ಗುರಿಯಿಟ್ಟರೆ ಪಾಕೆಟ್ಟಿಗೆ. (ಗಂಡನಿಂದ ಏನಾದರೂ ಮಾಡಿಸಬೇಕಾದವರಿಗೆ ಈ ಸೂತ್ರ ಪರಿಚಿತ.)

ಅತ್ತೆ ಹೂ ಕಟ್ಟಿಕೊಂಡು ಹೊಸಲಲ್ಲಿ ಕೂತು ನೋಡುತ್ತಿದ್ದರು. ಅವರು ನನ್ನ ಪಕ್ಷ. ಮಕ್ಕಳು ಬಂದರೆ ಮನೆ ತುಂಬಿಕೊಳ್ಳುತ್ತದೆ ಎಂದು ಅವರಿಗೂ ಆಸೆ.

"ಯಾಕವ್ವ ಆ ಗುಂಡು ಸೊಟ್ಟಗೆ ಓಡ್ತದೆ?" ಎಂದು ಒಂದು ದಿನ ಕೇಳಿದರು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಮೂರು ಚೆಂಡು ಸಾಲಾಗಿ ಬಿದ್ದಿದ್ದವು. ಒಬ್ಬರಾದರೂ ನನ್ನನ್ನು ಹೊಗಳಲಿ ಅನ್ನಿಸಿತು. ಹಣೆಯ ಬೆವರು ಒರೆಸಿಕೊಂಡು, ನಿಟ್ಟುಸಿರು ಬಿಟ್ಟು, "ನೋಡಿ ಅತ್ತೆ, ನೆಲದ ವಾಟ. ಟೇಬಲ್ಲೇ ಓರೆ. ಇಂಥದ್ರಲ್ಲಿ ಗುರಿಯಿಡೋದು ಎಷ್ಟು ಕಷ್ಟ ಗೊತ್ತಾ? ನಾನಾಗಿದ್ದಕ್ಕೆ ಆಯ್ತು" ಅಂದೆ.

"ಅಯ್ಯೋ ನನ್ ಕಂದ" ಎಂದು ಅತ್ತೆ ಮರುಗಿದರು. "ಅವನಿಗೆ ಹೇಳಿದ್ಯಾ?"

"ಹೇಳ್ಬೇಡಿ ಅತ್ತೆ. ನೆಪ ಹೇಳ್ತಾಳೆ ಅಂತಾರೆ."

"ನಾನ್ಯಾಕೆ ಹೇಳ್ಲವ್ವ" ಅಂದರು. ಹೇಳಲಿಲ್ಲ. ಹೇಳುವುದು ಅವರ ಗುಣವೇ ಅಲ್ಲ.

ಯುಗಾದಿಯ ಹಿಂದಿನ ದಿನ ಮನೆಯಲ್ಲಿ ಕೈಗೆ ಬಿಡುವಿಲ್ಲ. ಬೇಳೆ ಬೇಯಿಸಿ, ಬೆಲ್ಲ ಕುಟ್ಟಿ, ಹೂರಣ ರುಬ್ಬುವುದರಲ್ಲಿ ನಾನು. ಅದೇ ಬೆಳಗ್ಗೆ ಕೊಬ್ಬರಿ ಚೀಲ ಲಾರಿಗೆ ಹಾಕಲು ಮಂಡಿಯಿಂದ ಹಮಾಲರು ಬಂದಿದ್ದರು. "ಕೊಟ್ಟಿಗೆ ಸಾರಿಸಿ ತೋರಣ ಕಟ್ಟಿ ಬತ್ತೀನಿ, ನೀನು ಒಬ್ಬಟ್ಟಿನ ಕಡೆ ನೋಡವ್ವ" ಎಂದು ಅತ್ತೆ ಹೋದರು. ಹೋಗುವಾಗ ಅವರ ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಕೊಬ್ಬರಿ ಎಣ್ಣೆ. ಹಬ್ಬ, ಬಾಗಿಲಿಗೆ ಹಚ್ಚುತ್ತಾರೇನೋ ಅಂದುಕೊಂಡೆ. ಹಬ್ಬದ ದಿನವೂ ಕೋಲು ಮುಟ್ಟಲು ಬಿಡುವಾಗಲಿಲ್ಲ. ಮುಟ್ಟಬೇಕೆಂದೂ ಅನ್ನಿಸಲಿಲ್ಲ. ಕೈ ಕೂಡಿತ್ತು. ನಮ್ಮವರ ಹಾಗಲ್ಲ, ನಿಜವಾಗಿ.

ವರ್ಷತೊಡಕಿನ ಮಧ್ಯಾಹ್ನ, ಹಿಂದಿನ ದಿನದ ಒಬ್ಬಟ್ಟಿನ ಸಾರು ಇನ್ನಷ್ಟು ರುಚಿಯಾಗಿ ಎಲ್ಲರ ಹೊಟ್ಟೆ ಸೇರಿದ ಮೇಲೆ, ಸಭೆ ಕೊಟ್ಟಿಗೆಯಲ್ಲಿ ಕೂಡಿತು. ಮಾವನಿಗೆ ಕುರ್ಚಿ. ರಾಮಕ್ಕನಿಗೆ ಹೊಸಲು. ಮಹಾಂತೇಶ ತೀರ್ಪುಗಾರ. ಕರಿಹಲಗೆಯ ಮೇಲೆ ಮೊದಲ ಸಲ ನನ್ನ ಹೆಸರು. ನೋಡಿ ಕಣ್ಣು ತುಂಬಿತು. ನಾಳೆ ಇದೇ ಹಲಗೆಯ ಮೇಲೆ ಪೈಥಾಗೊರಸ್ ಬರೆಯುತ್ತೇನೆ ಅಂದುಕೊಂಡೆ.

ನಮ್ಮವರು ಜರಿ ಬೆರಳಿನ ಕೈಗವಸು ತೊಟ್ಟು ಮೊದಲ ಹೊಡೆತ ಹೊಡೆದರು. ಚೆಂಡುಗಳು ಚದುರಿದವು. ಒಂದೂ ಬೀಳಲಿಲ್ಲ. ನನ್ನ ಸರದಿ.

ಪಟ್ಟೆಯದೊಂದು ಕಿಟಕಿಯ ಕಡೆಯ ಪಾಕೆಟ್ಟಿಗೆ ಎದುರಾಗಿ ನಿಂತಿತ್ತು. ಹಗಲೆಲ್ಲ ಅದೇ ಹೊಡೆತ ಹೊಡೆದವಳು ನಾನು, ನಿದ್ದೆಯಲ್ಲೂ ಹಾಕಬಲ್ಲೆ. ಬಾಗಿದೆ. ನಾಲ್ಕು ಬೆರಳು ಆಚೆಗೆ, ಗೋಡೆಗೆ ಗುರಿಯಿಟ್ಟೆ.

"ಏ, ಎಲ್ಲಿಗ್ ಹೊಡೀತಾ ಇದೀಯೇ? ಪಾಕೆಟ್ಟು ಈ ಕಡೆ ಇದೆ" ಅಂದರು ನಮ್ಮವರು, ನಿಜವಾದ ಮರುಕದಿಂದ.

"ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಮೆತ್ತಗೆ ಹೊಡೆದೆ.

ಚೆಂಡು ಗೋಡೆಯ ಕಡೆ ಹೊರಟಿತು. ಈಗ ಹೊರಳುತ್ತದೆ, ಈಗ ಹೊರಳುತ್ತದೆ ಎಂದು ಮುಗುಳ್ನಗೆ ಸಿದ್ಧಮಾಡಿಕೊಂಡು ನಿಂತೆ. ಚೆಂಡು ಗೆರೆ ಎಳೆದಂತೆ ನೆಟ್ಟಗೆ ಹೋಗಿ, ನಾನು ಎಲ್ಲಿ ಗುರಿಯಿಟ್ಟಿದ್ದೆನೋ ಅಲ್ಲಿಗೇ, ಕೂದಲೆಳೆಯಷ್ಟೂ ತಪ್ಪದೆ, ಗೋಡೆಗೆ ತಾಗಿ ನಿಂತಿತು. ಇಷ್ಟು ನಿಖರವಾಗಿ ಗುರಿ ಮುಟ್ಟಿ ಸೋತವರು ಜಗತ್ತಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ, ನನಗೆ ತಿಳಿಯದು.

ನಮ್ಮವರ ಸರದಿ. ಸೀಮೆಸುಣ್ಣ, ಗಲ್ಲ, ಕಣ್ಣು, ಲೋಲಕ. ಮೆತ್ತಗೆ ಒಂದು ಏಟು. ಚೆಂಡು ಹೋಗಿ ಪಾಕೆಟ್ಟಿಗೆ ಬಿತ್ತು.

ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ನಮ್ಮವರೇ. ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು, ಇದು ನನ್ನದೇನಾ ಎನ್ನುವಂತೆ. ಇನ್ನೊಂದು ಹೊಡೆದರು. ಬಿತ್ತು. ಮತ್ತೊಂದು. ಬಿತ್ತು.

"ಲೇ ಉಜ್ವಲಾ, ಏನ್ಲಾ ತಿಂದೆ ಇವತ್ತು?" ಮಹಾಂತೇಶ ಕೂಗಿದ.

"ಒಬ್ಬಟ್ಟು ಕಣ್ಲಾ, ಬರೀ ಒಬ್ಬಟ್ಟು!" ನಮ್ಮವರು ಮೇಜಿನ ಕಡೆ ಬೆರಳು ತೋರಿಸಿದರು. "ದೆವ್ವದ ಚೆಂಡು ಕಾಣ್ತಾ ಇದೆ ಕಣ್ಲಾ! ಕಣ್ಣಿಗೇ ಕಾಣ್ತಾ ಇದೆ!"

"ಶಿವಶಿವಾ" ಎಂದು ರಾಮಕ್ಕ ಹೊಸಲಿಂದೆದ್ದು ಅಂಗಳಕ್ಕೆ ಹೋಗಿ ನಿಂತಳು.

ಹೊಳೆಯಿತು ನನಗೆ. ಈ ಮನುಷ್ಯ ಇಷ್ಟು ತಿಂಗಳೂ ಕಲಿತದ್ದೆಲ್ಲ ಸರಿಯಾಗಿಯೇ ಇತ್ತು, ತಪ್ಪಿದ್ದದ್ದು ನೆಲ. ಈಗ ನೆಲವೂ ಸರಿಯಾಗಿಬಿಟ್ಟಿದೆ. ನಾನೊಬ್ಬಳೇ ತಪ್ಪನ್ನು ಸರಿಯಾಗಿ ಕಲಿತವಳು. ಮುಂದಿನ ಸರದಿಯಲ್ಲಿ ನೇರ ಗುರಿಯಿಡಲು ನೋಡಿದೆ. ಕಣ್ಣು ಪಾಕೆಟ್ಟಿನ ಕಡೆ ಹೋದರೂ ಕೈ ತವರಿಗೆ ಹೊರಟ ಸೊಸೆಯಂತೆ ಹಳೆಯ ದಾರಿಗೇ ಎಳೆಯಿತು. ಕೈಗೆ ಬುದ್ಧಿ ಹೇಳಿ ಹೊಡೆದರೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಹೇಗೋ ಎರಡು ಪಟ್ಟೆಗಳು ಬಿದ್ದವು; ಅವು ಪಾಕೆಟ್ಟಿನ ಅಂಚಿನಲ್ಲೇ ಬೇಸತ್ತು ಕೂತಿದ್ದವು.

ನಮ್ಮವರು ಕೊನೆಯ ಕರಿಯದಕ್ಕೆ ಬಂದಾಗ ನಾನು ಬೇಕೆಂದೇ ಸೀಮೆಸುಣ್ಣ ಕೆಳಗೆ ಬೀಳಿಸಿ ಬಗ್ಗಿ ನೋಡಿದೆ. ಹಿತ್ತಲ ಕಡೆಯ ಎರಡು ಕಾಲುಗಳ ಕೆಳಗೆ, ಮ್ಯಾಟಿನ ಅಂಚಿನಡಿ ಅರ್ಧ ಅಡಗಿ, ತೆಂಗಿನ ಮರದ ಎರಡು ತುಂಡುಗಳು. ಒಂದು ಸ್ವಲ್ಪ ದಪ್ಪ, ಒಂದು ತೆಳು, ಅಳೆದು ಕೊಯ್ದಂತೆ. ಎರಡಕ್ಕೂ ಅರಿಶಿನ ಕುಂಕುಮ.

ಎದ್ದು ನಿಂತೆ. ಕೂಗಿ ಹೇಳಬೇಕೆನಿಸಿತು: ಈ ಟೇಬಲ್ಲು ಮೊನ್ನೆಯವರೆಗೂ ಓರೆ ಇತ್ತು, ಇದು ಅನ್ಯಾಯ! ಆದರೆ ಅದನ್ನು ಯಾವ ಬಾಯಲ್ಲಿ ಹೇಳಲಿ? ನ್ಯಾಯವಾಗಿ ಮಟ್ಟವಾಗಿರುವ ಮೇಜಿನ ಮೇಲೆ ಆಡಿಸಿದರು ಎಂದು ಯಾರಾದರೂ ದೂರು ಕೊಡುತ್ತಾರೆಯೇ? ಕೊಟ್ಟರೆ ಮೊದಲ ಪ್ರಶ್ನೆಯೇ 'ಓರೆ ಇತ್ತು ಅಂತ ನಿಂಗೆ ಯಾವಾಗ ಗೊತ್ತಾಯ್ತು?' ಅಷ್ಟರಲ್ಲಿ ಕರಿಯ ಚೆಂಡು ಬಿದ್ದ ಸದ್ದಾಯಿತು. ಬಲಿತ ತೆಂಗಿನಕಾಯಿ ತೋಟದಲ್ಲಿ ಉದುರಿದ ಹಾಗೆ, ಒಂದೇ ಸಲ, ತೀರ್ಮಾನವಾಗಿ.

"ಮುಗೀತು" ಅಂದರು ಮಾವ, ಕುರ್ಚಿಯಿಂದೇಳುತ್ತಾ. "ಇಂಪನಾ, ಒಂದ್ ಲೋಟ ಮಜ್ಜಿಗೆ ಕೊಡವ್ವ."

ನಮ್ಮವರು ನನ್ನ ಕರಿಹಲಗೆಯನ್ನು ಪೂರ್ತಿ ಒರೆಸಿದರು. ಸಾವಧಾನವಾಗಿ, ಮುದ್ದಾದ ಅಕ್ಷರಗಳಲ್ಲಿ, 'ಪಾಠ ಒಂದು: ಗುರಿ ಇಡುವುದು ಹೇಗೆ?' ಎಂದು ಬರೆದು, ಸೀಮೆಸುಣ್ಣದ ಪುಡಿ ಊದಿಕೊಂಡು ತಿರುಗಿದರು. "ವರ್ಷತೊಡಕು. ಒಳ್ಳೇ ದಿನ. ಇವತ್ತೇ ಶುರು ಮಾಡಣ. ನಿನ್ನ ತೊಂದರೆ ಏನ್ ಗೊತ್ತಾ? ಬೇಜಾರ್ ಮಾಡ್ಕೋಬೇಡ, ಕಲಿಸೋರಿಲ್ದೆ ನೀನೇ ಕದ್ದು ಅಭ್ಯಾಸ ಮಾಡಿದೀಯ. ಅದಕ್ಕೇ ಗೋಡೆಗೆ ಗುರಿ ಇಡ್ತೀಯ. ಎಲ್ಲಿ, ಏನನ್ನಬೇಕು?"

"ಗುರುಗಳೇ" ಅಂದೆ.

"ಹಾಂ. ಈಗ ಬಗ್ಗು. ಕಾಲು ಅಗಲ. ದೆವ್ವ ಕಾಣ್ತಾ ಇದೆಯಾ?"

"ಕಾಣ್ತಾ ಇದೆ ಗುರುಗಳೇ. ಎದುರಿಗೇ ನಿಂತಿದೆ."

ಪಾಠ ಮುಗಿಸಿ ಅಡುಗೆಮನೆಗೆ ಬಂದಾಗ ಅತ್ತೆ ಒಲೆಯ ಮುಂದೆ ಕೂತು ಉಳಿದ ಒಬ್ಬಟ್ಟು ಬಿಸಿ ಮಾಡುತ್ತಿದ್ದರು. ನನ್ನ ಮುಖ ನೋಡಿ ತಟ್ಟೆಗೆ ಎರಡು ಹಾಕಿ, ಮೇಲೆ ತುಪ್ಪ ಸುರಿದು, ಬಾಗಿಲ ಕಡೆ ಒಮ್ಮೆ ನೋಡಿ, ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

"ಅಳಬಾರ್ದು ಕಣವ್ವ, ವರ್ಷೆಲ್ಲಾ ಅಳ್ತೀಯ" ಎಂದು ಪಿಸುಗುಟ್ಟಿದರು. "ನಿನ್ ಕಷ್ಟ ನೋಡಾಕಾಗ್ದೆ ಹಮಾಲರ ಕೈಲಿ ಟೇಬಲ್ ಎತ್ತಿಸಿ, ಎಣ್ಣೆ ತಟ್ಟೆ ಇಟ್ಟು ಮಟ್ಟ ನೋಡಿ, ಮರ ಕೊಡಿಸ್ದೆ. ಯಾರಿಗೂ ಹೇಳಿಲ್ಲ. ಅಷ್ಟು ಮಾಡಿದ್ದಕ್ಕೆ ನೀನು ಎರಡು ಗುಂಡಾದ್ರೂ ಹಾಕ್ದೆ ಕಣವ್ವ. ಆ ಓರೇಲೇ ಆಡಿದ್ರೆ ನಿನ್ ಗತಿ ಏನಾಗಿರ್ತಿತ್ತೋ, ನೆನಸ್ಕೊಂಡ್ರೆ ಎದೆ ಝಲ್ ಅಂತದೆ. ತಿನ್ನು, ತಿನ್ನು."

ತಿಂದೆ.